ತ್ರಿಪದಿ ಒಡೆಯದ ಪುಟ

— ಸರ, ಹಾಡೆಲ್ಲಾ ಒಂದ ಫೈಲಿನಾಗ ಕೂಡಿಸೀನ್ರಿ. ದೇವಣಗಾಂವ, ಕಡಣಿ, ಮೋರಟಗಿ, ನಮ್ಮ ಆಲಮೇಲದ ಓಣಿ ಓಣಿ ಹಾಡು. ಬೀಸೂ ಪದ, ಕುಟ್ಟೂ ಪದ, ತೊಟ್ಟಿಲ ಪದ, ಸೋಬಾನ, ಮೊಹರಂದಾಗ ಹಾಡೂ ಪದ, ಎಲ್ಲಾ ಅವ. ಟೈಪ್ ಮಾಡಿದವರು ಬ್ಯಾರೆ ಬ್ಯಾರೆ ಮಂದಿ. ಇನ್ನ ಅಚ್ಚಿಗೆ ಕಳಸಬೇಕು. ಮನಿ ಕಂಪ್ಯೂಟರಿನಾಗ ಚಂದ ಕಾಣ್ತದ, ಇಲ್ಲಿ ನಿಮ್ಮ ಅಂಗಡಿಯಾಗ ತಗದರ ಎಲ್ಲಾ ಕೆದರಿ ಬಿದ್ದದ. ಫೈಲ್ ಕೆಟ್ಟದೇನ್ರಿ?

— ಫೈಲ್ ಕೆಟ್ಟಿಲ್ಲ ತಂಗಿ. ಕಂಟ್ರೋಲ್, ಶಿಫ್ಟ್, 8 ಮೂರೂ ಕೂಡಿ ಒತ್ತು. ಹಾಂ, ಈಗ ಏನ್ ಕಾಣ್ತದ?

— ಶಬ್ದದ ನಡುವ ಚುಕ್ಕಿ ಬಂದಾವ. ಸಾಲಿನ ತುದಿಗೆ ಇಂಗ್ಲಿಷ್ ಪಿ ಅಕ್ಷರ ತಿರುವಿ ಇಟ್ಟಂಗ ಒಂದು ಗುರುತದ. ಶೀರ್ಷಿಕೆ ಮುಂದಂತೂ ಚುಕ್ಕಿ ಸಾಲಾಗೇ ನಿಂತಾವ.

— ಆ ಚುಕ್ಕಿ ಒಂದೊಂದೂ ಒಂದು ಸ್ಪೇಸ್. ತಿರುವಿದ ಪಿ ಅಂದರ ಅಲ್ಲಿ ಎಂಟರ್ ಹೊಡದಾರ. ಶೀರ್ಷಿಕೆ ನಡುವ ಬರಲಿ ಅಂತ ಒಬ್ಬರು ಸ್ಪೇಸ್ ಒತ್ತಿಗೋತ ಹೋಗ್ಯಾರ. ಹೊಸ ಪುಟ ಬರಲಿ ಅಂತ ಇನ್ನೊಬ್ಬರು ಎಂಟರ್ ಹೊಡಕೋತ ಹೋಗ್ಯಾರ. ಅವರ ಪರದೆ ಮ್ಯಾಲ ಅದು ಸರಿಯಾಗೇ ಕಂಡದ. ಆದರ ಅವರ ಫಾಂಟ್ ಬ್ಯಾರೆ, ಈ ಅಂಗಡಿ ಫಾಂಟ್ ಬ್ಯಾರೆ. ವಿಂಡೋಸಿನಾಗ ಸಿಗೂ ತುಂಗಾ, ನಿರ್ಮಲಾ ಎರಡೂ ಕನ್ನಡ ಫಾಂಟೇ, ಆದರೂ ಅಕ್ಷರದ ಅಗಲ ಒಂದಲ್ಲ, ಸಾಲಿನ ಎತ್ತರನೂ ಒಂದಲ್ಲ. ಒಂದು ಫಾಂಟಿನಾಗ ಎಣಿಸಿ ಇಟ್ಟ ಸ್ಪೇಸು ಇನ್ನೊಂದು ಫಾಂಟಿನಾಗ ತಪ್ಪಿ ಬೀಳಲೇಬೇಕು.

— ಇದು ಎಲ್ಲಾರೂ ಮಾಡೂದಲ್ಲೇನ್ರಿ? ಶಾಲ್ಯಾಗ ಪ್ರಶ್ನೆಪತ್ರಿಕೆ ಮಾಡುವಾಗೂ ಹಿಂಗೇ ಮಾಡ್ತೀವಿ.

— ಮಾಡ್ತಾರ, ಅದಕ್ಕ ಕಾರಣನೂ ಅದ. ನಮ್ಮ ಕಡೆ ಕೀಬೋರ್ಡ್ ಕಲಿತದ್ದು ಟೈಪಿಂಗ್ ಕ್ಲಾಸಿನಾಗ. ಜೂನಿಯರ್, ಸೀನಿಯರ್ ಪರೀಕ್ಷಾ ಕಟ್ಟಿದವರಿಗೆ ಕೇಳು. ಶೀರ್ಷಿಕೆ ನಡುವ ತರಬೇಕಂದರ ಅದರ ಅಕ್ಷರ ಎಣಸೂದು, ಸಾಲಿನ ಒಟ್ಟು ಜಾಗದಾಗ ಕಳಿಯೂದು, ಉಳದದ್ದರ ಅರ್ಧದಷ್ಟು ಸ್ಪೇಸ್ ಒತ್ತೂದು. ಪ್ಯಾರಾ ಸುರುವಿಗೆ ಐದು ಸ್ಪೇಸ್. ಟೈಪ್‌ರೈಟರಿನಾಗ ಅದ ಸರಿ, ಯಾಕಂದರ ಒಂದು ಸಲ ಕೀಲಿ ಒತ್ತಿದರ ಗಾಡಿ ಇಷ್ಟೇ ಸರೀತದ ಅನ್ನೂದು ಗೊತ್ತಿರ್ತಿತ್ತು. ಕಾಗದ ಒಂದೇ, ಅಕ್ಷರ ಒಂದೇ, ಬಡದ ಮ್ಯಾಲ ಅದು ಕದಲೂದಿಲ್ಲ. ಮಷೀನ್ ಹೋತು, ಕಂಪ್ಯೂಟರ್ ಬಂತು, ಬಳ್ಳಿನ ರೂಢಿ ಮಾತ್ರ ಹಂಗೇ ಉಳೀತು. ಆ ಕ್ಲಾಸಿಗೆ ಹೋಗದ ಹುಡುಗರೂ ದೊಡ್ಡವರನ್ನ ನೋಡಿ ಅದನ್ನೇ ಕಲಿತಾರ.

— ಹಂಗಾದರ ಜಾಗಾ ಬಿಡೂದು ಹೆಂಗ್ರಿ?

— ಪ್ಯಾರಾಕ್ಕ ಹೇಳಬೇಕು. ಕಂಪ್ಯೂಟರ್ ಪ್ರಕಾರ ಒಂದು ಎಂಟರಿನಿಂದ ಇನ್ನೊಂದು ಎಂಟರಿನ ತನಕ ಒಂದು ಪ್ಯಾರಾ. ಆ ತಿರುವಿದ ಪಿ ಗುರುತಿನೊಳಗ ಪ್ಯಾರಾದ ಎಲ್ಲಾ ಗುಣ ಕೂತಿರ್ತಾವ: ಮೊದಲ ಸಾಲು ಎಷ್ಟು ಒಳಗ ಸರೀಬೇಕು, ಎಡಕ್ಕೆಷ್ಟು, ಬಲಕ್ಕೆಷ್ಟು, ಮ್ಯಾಲ ಕೆಳಗ ಎಷ್ಟು ಬಯಲು, ಸಾಲು ಸಾಲಿನ ನಡುವ ಎಷ್ಟು. ಪ್ಯಾರಾಗ್ರಾಫ್ ಅನ್ನೂ ಪೆಟ್ಟಿಗಿ ತಗದು ಅಲ್ಲಿ ಅಳತಿ ಕೊಡು. ಖಾಲಿ ಎಂಟರ್ ಹೊಡದರ ಏನಾಗ್ತದ? ಅಕ್ಷರನೇ ಇಲ್ಲದ ಒಂದು ಪ್ಯಾರಾ ಹುಟ್ತದ. ಪುಟದ ತುದಿಗೆ ಬಂದರ ಆ ಖಾಲಿ ಪ್ಯಾರಾ ಮುಂದಿನ ಪುಟದ ತಲಿ ಮ್ಯಾಲ ಕೂತು, ಹಾಡು ಒಂದು ಸಾಲು ಕೆಳಗ ಜಗ್ಗಿದಂಗ ಕಾಣ್ತದ. ಹೊಸ ಪುಟ ಬೇಕಂದರ ಕಂಟ್ರೋಲ್ ಹಿಡದು ಎಂಟರ್ ಒತ್ತು, ಒಂದೇ ಸಲಕ್ಕ ಮುಗೀತದ.

— ಮೊದಲು ಎಲ್ಲಿಂದ ಸುರು ಮಾಡ್ಲಿ ಹೇಳ್ರಿ.

— ಕಾಗದದಿಂದ. ನಿನ್ನ ಫೈಲ್ ಎ4ದಾಗ ಅದ. ಎ4 ಅಂದರ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅದು ಅರ್ಜಿ ಬರಿಯೂ ಕಾಗದ. ಪುಸ್ತಕ ಯಾವ ಅಳತಿಯಾಗ ಬರ್ತದ?

— ಡೆಮಿ ಅಂದಾರ.

— ಡೆಮಿ 1/8. ಐದೂವರಿ ಇಂಚು ಅಗಲ, ಎಂಟೂವರಿ ಇಂಚು ಎತ್ತರ. ಕನ್ನಡ ಪುಸ್ತಕ ಬಹಳಷ್ಟು ಇದೇ ಅಳತಿವು. ಪೇಜ್ ಸೆಟಪ್‌ದಾಗ ಮೊದಲು ಆ ಅಳತಿ ಹಾಕು, ಉಳದದ್ದೆಲ್ಲಾ ಆಮ್ಯಾಲ. ಎ4ದಾಗ ಚಂದ ಮಾಡಿ ಕಡೀಕ ಡೆಮಿಗೆ ಇಳಸ್ತೀನಿ ಅಂದರ ಮಾಡಿದ ಕೆಲಸೆಲ್ಲಾ ಮತ್ತ ಮಾಡಬೇಕಾಗ್ತದ. ಮಾರ್ಜಿನ್ ಹಾಕುವಾಗ ಮಿರರ್ ಮಾರ್ಜಿನ್ಸ್ ಆರಿಸು. ಪುಸ್ತಕ ಬಿಚ್ಚಿದರ ಎರಡು ಪುಟ ಎದರಾ ಎದರಾ ಇರ್ತಾವಲ್ಲ, ಹೊಲಿಗಿ ಕಡಿದು ಒಳ ಅಂಚು, ಬಳ್ಳು ಹಿಡಿಯೂ ಕಡಿದು ಹೊರ ಅಂಚು. ಒಳಗಿಂದು ಜಾಸ್ತಿ ಬೇಕು. ಒಳಗ 0.85 ಇಂಚು, ಹೊರಗ 0.65 ಇಂಚು ಇಟ್ಟರ ಅಕ್ಷರಕ್ಕ ನಾಕು ಇಂಚು ಅಗಲ ಉಳೀತದ. ಹಾಡಿನ ಪುಸ್ತಕಕ್ಕ ಅದು ಬೇಕಾದಷ್ಟಾತು.

— ನಾಕು ಇಂಚಿನಾಗ ತ್ರಿಪದಿ ಸಾಲು ಹಿಡೀತಾವೇನ್ರಿ?

— ಹಿಡೀತಾವ. ತ್ರಿಪದಿ ಲೆಕ್ಕ ನಿನಗ ಗೊತ್ತೇ ಅದ: ಮೊದಲ ಸಾಲಿಗೆ ನಾಕು ಗಣ, ಎರಡನೇದಕ್ಕ ನಾಕು, ಮೂರನೇದಕ್ಕ ಮೂರು. ಮೂರನೇ ಸಾಲು ತಾನೇ ಗಿಡ್ಡ. ಈಗ ನಿನ್ನ ಫೈಲಿನಾಗ ಈ ಹಾಡು ನೋಡು, ಮೂರು ಶಬ್ದದ ಸಾಲು ಈ ತುದಿಯಿಂದ ಆ ತುದಿಗೆ ಜಗ್ಗಿ ನಿಂತದ. ಶಬ್ದ ಶಬ್ದದ ನಡುವ ಒಂದು ಬಳ್ಳು ಹಿಡಿಯೂವಷ್ಟು ಸಂದು.

— ಹೌದ್ರಿ. ಎಷ್ಟು ಒದ್ದಾಡಿದರೂ ಅದು ಕೂಡಲಿಲ್ಲ.

— ಇಲ್ಲಿ ಎರಡು ಸಂಗತಿ ಒಂದರ ಮ್ಯಾಲ ಒಂದು ಬಂದಾವ. ಎರಡೂ ಅಂಚು ಸಮ ಮಾಡೂ ಜಸ್ಟಿಫೈ ಆನ್ ಅದ. ಸಾಲು ಮುರಿಯಾಕ ಶಿಫ್ಟ್ ಹಿಡದು ಎಂಟರ್ ಹೊಡದಾರ. ಶಿಫ್ಟ್ ಎಂಟರ್ ಹೊಡದರ ಸಾಲು ಮುರೀತದ, ಪ್ಯಾರಾ ಮುಗಿಯೂದಿಲ್ಲ. ಜಸ್ಟಿಫೈದಾಗ ಪ್ಯಾರಾದ ಕಡೀ ಸಾಲಿಗೆ ಮಾತ್ರ ರಿಯಾಯಿತಿ, ಉಳದ ಸಾಲೆಲ್ಲಾ ತುಂಬಬೇಕು. ವರ್ಡ್ ಅದನ್ನ ನಿಯಮದಂತೆ ಜಗ್ಗಿದ್ದು. ಸಾಲು ಮುರದದ್ದು ಸರಿ ಅದ, ಜಸ್ಟಿಫೈ ತಪ್ಪದ. ಹಾಡಿಗೆ ಜಸ್ಟಿಫೈ ಎಂದೂ ಬ್ಯಾಡ. ಕಂಟ್ರೋಲ್ ಎಲ್ ಒತ್ತು, ಎಡಕ್ಕ ಕೂಡ್ತದ.

— ನಡುವ ಇಟ್ಟರ ಹೆಂಗ್ರಿ? ಲಗ್ನಪತ್ರಿಕೆಯೊಳಗ ಇರ್ತದಲ್ಲ, ಹಂಗ. ನನಗ ಅದು ಚಂದ ಅನಸ್ತದ.

— ಲಗ್ನಪತ್ರಿಕೆಗೆ ಚಂದ, ತ್ರಿಪದಿಗೆ ಬ್ಯಾಡ. ಯಾಕ ಹೇಳ್ಲಿ? ನಮ್ಮ ಪ್ರಾಸ ಎಲ್ಲಿರ್ತದ? ಸಾಲಿನ ತುದಿಗಲ್ಲ, ಸುರುವಿನ ಎರಡನೇ ಅಕ್ಷರಕ್ಕ. ಸಾಲೆಲ್ಲಾ ಎಡದ ಗೆರಿಗೆ ಸಮ ನಿಂತರ ಆ ಎರಡನೇ ಅಕ್ಷರ ಒಂದರ ಕೆಳಗ ಒಂದು ಬರ್ತಾವ, ಓದೂವನ ಕಣ್ಣಿಗೆ ಪ್ರಾಸ ತಾನೇ ಸಿಗ್ತದ. ನಡುವ ಇಟ್ಟಿ ಅಂದರ ಒಂದೊಂದು ಸಾಲಿನ ಸುರುವು ಒಂದೊಂದು ಕಡೆ ಹೋಗಿ ಆ ಹೊಂದಿಕೆ ಕಾಣದಂಗಾಗ್ತದ. ಇಂಗ್ಲಿಷ್ ಕವಿತಾಕ್ಕ ಪ್ರಾಸ ಬಲಗಡೆ ಇರಬಹುದು. ನಮ್ಮ ಹಾಡಿನ ಬಲ ಎಡಗಡೆ ಅದ. ಕನ್ನಡದಾಗ ಪುಟ ಕಟ್ಟೂವರು ಇದನ್ನ ಮರೀಬಾರದು.

— ಇದನ್ನ ನಾ ಯೋಚಿಸಿರಲಿಲ್ರಿ. ಹಾಡು ಕೇಳುವಾಗ ಕಿವಿಗೆ ಗೊತ್ತಾಗ್ತದ, ಪುಟದ ಮ್ಯಾಲ ಅದು ಎಲ್ಲಿ ಕಾಣಬೇಕು ಅಂತ ಲಕ್ಷ್ಯ ಹೋಗಿರಲಿಲ್ಲ.

— ಕಿವಿಯಿಂದ ಕಣ್ಣಿಗೆ ತರೂದೇ ಈ ಕೆಲಸ. ಮೊದಲು ತಾಡೋಲಿ ಇದ್ದಾಗ ಸಾಲು ಬಿಡಿಸಿ ಬರಿಯೂ ಪದ್ಧತಿನೇ ಇರಲಿಲ್ಲ. ವಚನ ಇರಲಿ, ಪದ್ಯ ಇರಲಿ, ಗರಿ ತುಂಬ ಒಂದೇ ಸಮನ ಅಕ್ಷರ. ಗರಿ ಉಳಿಸಬೇಕು, ಬರಿಯೂವಗ ಅದ ಮುಖ್ಯ. ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅಂಥ ಕಟ್ಟು ಕೂಡಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಾಗ ಬೆಳಗಾವಿಯೊಳಗ ಅಚ್ಚಾತು. ಆಮ್ಯಾಲ ಮನಿ ಮಾರಿ, 1925ರಾಗ ವಿಜಯಪುರದಾಗೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ಶಿವಾನುಭವ ಪತ್ರಿಕೆ ಸುರು ಆತು. ಒಬ್ಬ ವಕೀಲರು ಮೊಳಿ, ಮಷೀನು, ಕಾಗದದ ಸಲುವಾಗಿ ಮನಿ ಕೊಟ್ಟಾರ ಅಂದರ ಪುಟದ ಬೆಲಿ ಅವರಿಗೆ ಎಷ್ಟು ಗೊತ್ತಿತ್ತು ನೋಡು. ಗರಿಯೊಳಗ ಒತ್ತಾಗಿ ಇದ್ದ ವಚನ ಅಚ್ಚಿನಾಗ ಬರುವಾಗ ಒಂದೊಂದು ವಚನ ಬ್ಯಾರೆ ಆಗಬೇಕು, ಅಂಕಿತ ಕಾಣಬೇಕು, ಸಾಲು ಎಲ್ಲಿ ಮುರಿಯಬೇಕು ಅಂತ ಒಬ್ಬರು ಕೂತು ನಿರ್ಧಾರ ಮಾಡಬೇಕು. ನಾವು ಇವತ್ತು ವಚನ ಅಂದ ಕೂಡಲೇ ಕಣ್ಮುಂದ ತರೂ ಆಕಾರ ಸಂಪಾದಕರು, ಮೊಳಿ ಜೋಡಿಸೂವರು ಕೂಡಿ ಕೊಟ್ಟದ್ದು.

— ನಮ್ಮ ಹಾಡಿಗೂ ಅಂಥವರು ಇದ್ದರಲ್ರಿ, ಹಲಸಂಗಿಯವರು.

— ಅದಕ್ಕೇ ಹೇಳ್ತೀನಿ, ನೀ ಹೊಸಾ ದಾರಿ ಹಿಡದಿಲ್ಲ. ಇಂಡಿ ಸೀಮಿ ಹಲಸಂಗಿ ಗೆಳೆಯರು 1931ರಾಗ ಗರತಿಯ ಹಾಡು ತಂದರು. ಬೀಸೂ ಕಲ್ಲಿನ ಮುಂದ ಕೂತವರ ಹಾಡಿಗೆ ಪುಸ್ತಕದ ಪುಟ ಸಿಕ್ಕದ್ದು ನಮ್ಮ ಸೀಮಿಯಾಗೇ. ಆಗ ಪ್ರತಿ ಸಾಲೂ ಸೀಸದ ಮೊಳಿಯಾಗ ಕೈಯಿಂದ ಕೂಡಿಸಬೇಕಿತ್ತು. ಶಬ್ದದ ನಡುವಿನ ಬಯಲೂ ಒಂದು ಸೀಸದ ತುಂಡು, ಸಾಲಿನ ನಡುವಿನ ಬಯಲಿಗೆ ಸೀಸದ ಪಟ್ಟಿ. ಬಯಲಿಗೂ ತೂಕ ಇತ್ತು, ಅದನ್ನ ಕೈಯಾಗ ಹಿಡೀಬಹುದಿತ್ತು. ಅದಕ್ಕೇ ಮೊಳಿ ಜೋಡಿಸೂವನಿಗೆ ಎಲ್ಲಿ ಎಷ್ಟು ಬಯಲು ಅನ್ನೂದು ಮೈಯಾಗ ಇರ್ತಿತ್ತು. ನಮಗ ಈಗ ಬಯಲು ಪುಕ್ಕಟೆ, ಬಳ್ಳು ಇಟ್ಟರ ಬರ್ತದ. ಹಂಗಂತ ಅದನ್ನ ಕಡೆಗಣಿಸಿದರ ಹಾಡಿಗೆ ಅನ್ಯಾಯ.

— ಸಾಲು ಎಲ್ಲಿ ಮುರೀಬೇಕು ಅನ್ನೂದರಾಗೇ ನನಗ ತ್ರಾಸಾಗ್ಯದ. ಹಾಡುವಾಗ ಎರಡನೇ ಸಾಲಿನ ಅರ್ಧ ಮತ್ತ ಎತ್ತಿ ಹಾಡ್ತಾರ. ಅದನ್ನೂ ಬರಿಲೇನ್ರಿ?

— ಒಂದೇ ಕಡೆ ತೋರಿಸು, ಮುನ್ನುಡಿಯಾಗ. ಒಂದು ಹಾಡನ್ನ ಹಾಡಿದಂಗೇ ಪೂರ್ತಿ ಬರದು, ಹಿಂಗ ಎತ್ತಿ ಹಾಡ್ತಾರ ಅಂತ ಹೇಳು. ಉಳದದ್ದೆಲ್ಲಾ ಮೂರು ಸಾಲಿನಾಗ ಇಡು. ರೆಕಾರ್ಡ್ ಮಾಡೀಯಲ್ಲ, ಅದನ್ನ ಕೇಳಿ ಉಸಿರು ಎಲ್ಲಿ ನಿಲ್ತದ ಅಲ್ಲಿ ಸಾಲು ಮುರಿ. ಪುಟದಾಗ ಜಾಗಾ ಸಾಲದು ಅಂತ ಮಾತ್ರ ಮುರೀಬ್ಯಾಡ. ಸಾಲು ಉದ್ದಾಗಿ ತಾನೇ ಕೆಳಗ ಇಳದರ, ಇಳದ ತುಂಡು ಸ್ವಲ್ಪ ಒಳಗ ಸರದು ನಿಲ್ಲಬೇಕು. ಅದು ನಾಕನೇ ಸಾಲು ಅಂತ ಓದೂವರು ತಿಳೀಬಾರದು. ಅದಕ್ಕ ಹ್ಯಾಂಗಿಂಗ್ ಇಂಡೆಂಟ್ ಅಂತ ಅದ. ಆದರ ಒಂದು ಲಕ್ಷ್ಯ ಇರಲಿ: ಅದು ಪ್ಯಾರಾದ ಮೊದಲ ಸಾಲೊಂದನ್ನ ಬಿಟ್ಟು ಉಳದದ್ದೆಲ್ಲಾ ಒಳಗ ಸರಸ್ತದ. ತ್ರಿಪದಿ ಮೂರೂ ಸಾಲು ಒಂದೇ ಪ್ಯಾರಾ ಆಗಿದ್ದರ ಎರಡನೇದು, ಮೂರನೇದು ಸುಮ್ಮನ ಒಳಗ ಹೋಗ್ತಾವ. ಆದ್ದರಿಂದ ಅಂಥ ಉದ್ದನ ಸಾಲು ಬಂದ ಹಾಡಿಗೆ ಅಕ್ಷರ ಅರ್ಧ ಪಾಯಿಂಟ್ ಇಳಸು, ಇಲ್ಲಾ ಎಡದ ಇಂಡೆಂಟ್ ಕಡಿಮಿ ಮಾಡು.

— ಮೂರು ಸಾಲು ಒಂದೇ ಪ್ಯಾರಾ ಯಾಕ ಆಗಬೇಕ್ರಿ? ಸಾಲಿಗೊಂದು ಎಂಟರ್ ಹೊಡದರ ನಡಿಯೂದಿಲ್ಲೇನು?

— ನಡೀತದ, ಆದರ ಪುಟ ಮುಗಿಯೂ ಕಡೆ ಕೆಡ್ತದ. ಎರಡು ಸಾಲು ಈ ಪುಟದ ತಳದಾಗ, ಒಂದು ಸಾಲು ಮುಂದಿನ ಪುಟದ ತಲಿ ಮ್ಯಾಲ. ತ್ರಿಪದಿಯೊಳಗ ಕಡೀ ಸಾಲಿನಾಗೇ ಜೀವ ಇರ್ತದ, ಹೌದಲ್ಲೋ? ಮೊದಲೆರಡು ಸಾಲು ಹೇಳಿದ್ದನ್ನ ಅದು ಕೂಡಸ್ತದ, ಇಲ್ಲಾ ತಿರುವತದ. ಅದು ಪುಟ ಹೊಳ್ಳಿಸಿದ ಮ್ಯಾಲ ಸಿಕ್ಕರ ಹಾಡು ಹೋದಂಗೇ. ಮೂರೂ ಸಾಲು ಒಂದು ಪ್ಯಾರಾ ಆಗಿದ್ದರ, ಪ್ಯಾರಾಗ್ರಾಫ್ ಪೆಟ್ಟಿಗಿಯೊಳಗ ಲೈನ್ ಅಂಡ್ ಪೇಜ್ ಬ್ರೇಕ್ಸ್ ಅನ್ನೂ ಕಡೆ ಹೋಗಿ ಕೀಪ್ ಲೈನ್ಸ್ ಟುಗೆದರ್ ಅನ್ನೂದಕ್ಕ ಗುರುತು ಹಾಕು. ಮೂರಕ್ಕ ಜಾಗಾ ಇದ್ದರ ಮೂರೂ ಇಲ್ಲೇ ಕೂಡ್ತಾವ, ಇಲ್ಲಂದರ ಮೂರೂ ಕೂಡೇ ಮುಂದಿನ ಪುಟಕ್ಕ ಹೋಗ್ತಾವ. ಹಾಡಿನ ಕೆಳಗ ಹಾಡಿದ ಊರಿನ ಹೆಸರು ಹಾಕಿಯಲ್ಲ, ಅದು ಒಂದೇ ಬ್ಯಾರೆ ಪುಟಕ್ಕ ಹೋಗಬಾರದು ಅಂದರ ಅದರ ಮ್ಯಾಲಿನ ತ್ರಿಪದಿಗೆ ಕೀಪ್ ವಿತ್ ನೆಕ್ಸ್ಟ್ ಹಚ್ಚು. ಅಧ್ಯಾಯದ ಶೀರ್ಷಿಕೆಗೂ ಅದನ್ನೇ ಹಚ್ಚು.

— ಆದರ ಆ ಶಿಫ್ಟ್ ಎಂಟರ್ ಹೊಡದ ಹಾಡು ಬಿಟ್ಟರ ಫೈಲ್ ತುಂಬ ಸಾಲಿಗೊಂದು ಎಂಟರ್ ಅದ. ಹಾಡಿಗೂ ಹಾಡಿಗೂ ನಡುವ ಎರಡೆರಡು. ಒಂದೊಂದಾಗಿ ತಿದ್ದಿದರ ಮುಂದಿನ ಮೊಹರಂ ಬರ್ತದ.

— ಒಂದೊಂದಾಗಿ ಬ್ಯಾಡ. ಮೊದಲು ಫೈಲಿನ ಒಂದು ನಕಲು ಬ್ಯಾರೆ ತಗದಿಡು. ಆಮ್ಯಾಲ ಹಾಡಿನ ಭಾಗ ಅಷ್ಟೇ ಆರಿಸಿ, ಕಂಟ್ರೋಲ್ ಎಚ್ ಒತ್ತಿ ಹುಡುಕಿ ಬದಲಿಸೂ ಪೆಟ್ಟಿಗಿ ತಗಿ. 6ರ ಕೀಲಿ ಮ್ಯಾಲಿರೂ ಟೊಪ್ಪಿಗಿಯಂಥ ಗುರುತು ಹಾಕಿ ಅದರ ಮುಂದ ಸಣ್ಣ ಪಿ ಬರದರ, ಅದು ಎಂಟರ್ ಅಂತ ವರ್ಡಿಗೆ ತಿಳೀತದ. ಅದೇ ಗುರುತಿನ ಮುಂದ ಸಣ್ಣ ಎಲ್ ಬರದರ ಶಿಫ್ಟ್ ಎಂಟರ್. ಎಲ್ಲೆರ ಮೂರು ನಾಕು ಎಂಟರ್ ಒಂದರ ಹಿಂದೊಂದು ಇದ್ದರ ಮೊದಲು ಅವನ್ನ ಎರಡಕ್ಕ ತರು. ಈಗ ಒಂದರ ಹಿಂದೊಂದು ಬಂದ ಎರಡು ಎಂಟರ್ ಹುಡುಕಿ, ಆ ಜಾಗದಾಗ ಪುಸ್ತಕದಾಗ ಎಲ್ಲೂ ಇಲ್ಲದ ಒಂದು ಗುರುತು ಹಾಕು, ಎರಡು ನಕ್ಷತ್ರ ಆದರೂ ಆತು. ಆಮ್ಯಾಲ ಉಳದ ಒಂಟಿ ಎಂಟರೆಲ್ಲಾ ಶಿಫ್ಟ್ ಎಂಟರ್ ಮಾಡು. ಕಡೀಕ ನಕ್ಷತ್ರ ತಗದು ಅಲ್ಲಿ ಒಂದು ಎಂಟರ್ ಹಾಕು. ಆತು. ಎಲ್ಲಾ ತ್ರಿಪದಿ ಒಂದೊಂದು ಪ್ಯಾರಾ ಆಗಿ ಕೂತ್ವು. ಈ ಕ್ರಮ ಮಾತ್ರ ಹಿಂದ ಮುಂದ ಆಗಬಾರದು. ನಕ್ಷತ್ರ ಹುಡುಕುವಾಗ ವೈಲ್ಡ್‌ಕಾರ್ಡ್ ಆಯ್ಕೆ ಆಫ್ ಇಟ್ಟಿರು, ಆನ್ ಇದ್ದರ ನಕ್ಷತ್ರಕ್ಕ ಬ್ಯಾರೆ ಅರ್ಥ ಬರ್ತದ.

— ಹಾಡು ಹಾಡಿನ ನಡುವ ಬಯಲು ಹೋಗಿಬಿಡ್ತದಲ್ರಿ ಹಂಗಾದರ?

— ಬಯಲು ಪ್ಯಾರಾಕ್ಕ ಕೊಡು: ಸ್ಪೇಸ್ ಆಫ್ಟರ್ 10 ಪಾಯಿಂಟ್. ಒಂದು ಇಂಚಿಗೆ 72 ಪಾಯಿಂಟ್, ಆ ಲೆಕ್ಕದಾಗ ಅಳದು ನೋಡು. ಎಲ್ಲಾ ಹಾಡಿಗೂ ಒಂದೇ ಸಮ ಬಯಲು ಬರ್ತದ. ನಾಳೆ 10 ಜಾಸ್ತಿ ಆತು, 8 ಸಾಕು ಅಂದರ ಒಂದೇ ಕಡೆ ಬದಲಿಸಿದರ ಪುಸ್ತಕ ತುಂಬ ಬದಲಾಗ್ತದ. ಅದಕ್ಕ ಸ್ಟೈಲ್ ಬೇಕು.

— ಸ್ಟೈಲ್ ಅಂದರ ಮ್ಯಾಲ ಪೆಟ್ಟಿಗಿ ಪೆಟ್ಟಿಗಿ ಇರ್ತಾವಲ್ಲ, ಹೆಡಿಂಗ್ ಒಂದು, ಹೆಡಿಂಗ್ ಎರಡು?

— ಅವೇ. ಬಹಳ ಮಂದಿ ಅವನ್ನ ಮುಟ್ಟೂದೇ ಇಲ್ಲ, ಯಾಕಂದರ ಒತ್ತಿದರ ನೀಲಿ ಬಣ್ಣ ಬರ್ತದ, ಅಕ್ಷರ ಬದಲಾಗ್ತದ. ಬಣ್ಣ, ಅಕ್ಷರ ಎಲ್ಲಾ ನಿನಗ ಬೇಕಾದಂಗ ತಿದ್ದಬಹುದು; ಬಲಗಡೆ ಗುಂಡಿ ಒತ್ತಿ ಮಾಡಿಫೈ ಅನ್ನು. ಹಾಡಿಗೆ ಒಂದು ಸ್ಟೈಲ್ ಮಾಡಿ ‘ತ್ರಿಪದಿ’ ಅಂತ ಕನ್ನಡದಾಗೇ ಹೆಸರು ಕೊಡು. ಊರಿನ ಹೆಸರಿಗೆ ‘ಹಾಡಿದ ಊರು’, ಮುನ್ನುಡಿಗೆ ‘ಗದ್ಯ’. ಬೀಸೂ ಪದ, ತೊಟ್ಟಿಲ ಪದ ಅನ್ನೂ ಭಾಗದ ಹೆಸರಿಗೆ ಹೆಡಿಂಗ್ ಒಂದು. ಈ ಸಾಲು ದೊಡ್ಡದಾಗಿ ದಪ್ಪ ಕಾಣಲಿ ಅಂತ ಹೇಳೂದು ಬ್ಯಾರೆ, ಇದು ಭಾಗದ ಹೆಸರು ಅಂತ ಹೇಳೂದು ಬ್ಯಾರೆ. ಎರಡನೇದು ಹೇಳಿದರ ಕಂಪ್ಯೂಟರ್ ತಾನೇ ಪರಿವಿಡಿ ಕಟ್ಟಿ ಕೊಡ್ತದ, ಪುಟಸಂಖ್ಯಾ ಸಮೇತ. ಹಾಡು ಕೂಡಿಸಿದರೂ ತಗದರೂ ಪರಿವಿಡಿ ಮ್ಯಾಲ ಎಫ್9 ಒತ್ತಿದರ ಸರಿ ಆಗ್ತದ. ಕೈಯಾಗ ಪರಿವಿಡಿ ಬರದು ಚುಕ್ಕಿ ಇಟ್ಟುಕೋತ ಕೂತವರ ಕಷ್ಟ ನಾ ನೋಡೀನಿ. ಕಡೀ ಘಳಿಗಿಯಾಗ ಒಂದು ಹಾಡು ಸೇರಿದರ ಎಲ್ಲಾ ಸಂಖ್ಯಾ ತಪ್ಪು.

— ನಾ ಅಕ್ಷರದ ಅಳತಿ 13 ಅಂತ ಕೊಟ್ಟೆ, ಕನ್ನಡ ಬದಲಾಗಲೇ ಇಲ್ಲ. ಇಂಗ್ಲಿಷ್ ಅಂಕಿ ಮಾತ್ರ ದೊಡ್ಡದಾದ್ವು.

— ಅದು ಕನ್ನಡದವರಿಗೆಲ್ಲಾ ಬರೂ ತೊಡಕು. ವರ್ಡ್ ಕನ್ನಡವನ್ನ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಬ್ಯಾರೆ ಇಟ್ಟದ. ಸ್ಟೈಲ್ ತಿದ್ದುವಾಗ ಫಾಂಟ್ ಪೆಟ್ಟಿಗಿಯೊಳಗ ಲ್ಯಾಟಿನ್ ಕಡೆ ಒಂದು ಅಳತಿ ಇರ್ತದ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಕಡೆ ಇನ್ನೊಂದು. ನಮ್ಮ ಅಕ್ಷರ ಕೇಳೂದು ಎರಡನೇದನ್ನ. ಲಿಬ್ರೆಆಫೀಸಿನಾಗೂ ಹಂಗೇ, ಅಲ್ಲಿ ಅದಕ್ಕ ಸಿಟಿಎಲ್ ಅಂತಾರ. ಎರಡೂ ಕಡೆ ಅಳತಿ ಕೊಡು.

— ಇನ್ನೊಂದು ಸರ. ಮುನ್ನುಡಿಯಾಗ ‘ರಾಷ್ಟ್ರ’ ಅನ್ನೂದರ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗ್ಯದ. ‘ಸ್ತ್ರೀ’ ಅನ್ನೂದಂತೂ ಓದಾಕ ಬರೂದಿಲ್ಲ.

— ಸಾಲಿನ ಅಂತರ ಎಕ್ಸಾಕ್ಟ್ಲಿ 14 ಪಾಯಿಂಟ್ ಅಂತ ಇಟ್ಟಾರ, ಅದಕ್ಕ. ಪುಟ ಕಡಿಮಿ ಮಾಡಬೇಕು ಅಂತ ಯಾರೋ ಹಂಗ ಮಾಡಿರ್ತಾರ. ಇಂಗ್ಲಿಷ್ ಅಕ್ಷರಕ್ಕ 12ರ ಅಳತಿಗೆ 14 ಸಾಕು. ನಮ್ಮ ಅಕ್ಷರ ಮ್ಯಾಲ ಗುಡಿಸು ತಗೋತದ, ಕೆಳಗ ಒತ್ತು ತಗೋತದ, ಒತ್ತಿಗೆ ಮತ್ತೊಂದು ಒತ್ತು ಇಳದರ ಇನ್ನೂ ಕೆಳಗ ಹೋಗ್ತದ. ಎಕ್ಸಾಕ್ಟ್ಲಿ ಅಂದರ ಅಷ್ಟೇ ಜಾಗಾ, ಅದಕ್ಕ ಮೀರಿದ್ದು ಪರದೆ ಮ್ಯಾಲ ಕಾಣೂದಿಲ್ಲ. ಕನ್ನಡಕ್ಕ ಎಕ್ಸಾಕ್ಟ್ಲಿ ಬಳಸಬ್ಯಾಡ. ಮಲ್ಟಿಪಲ್ ಆರಿಸಿ 1.1 ರಿಂದ 1.3ರ ತನಕ ಇಟ್ಟು ನೋಡು. ಎಷ್ಟು ಅಂತ ಈಗಲೇ ಯಾಕ ಹೇಳೂದಿಲ್ಲ ಅಂದರ, ಆ ಲೆಕ್ಕ ಫಾಂಟಿನ ಸ್ವಂತ ಎತ್ತರದ ಮ್ಯಾಲ ನಡೀತದ. ಕೆಲವು ಫಾಂಟಿನೊಳಗೇ ಬಯಲು ಬೇಕಾದಷ್ಟು ಇರ್ತದ. ಒಂದು ಪುಟ ಕಾಗದದ ಮ್ಯಾಲ ಪ್ರಿಂಟ್ ತಗಿ, ಕೈಯಾಗ ಹಿಡದು ಓದು, ಆಮ್ಯಾಲ ನಿರ್ಧಾರ ಮಾಡು. ಪರದೆ ನೋಡಿ ಸಾಲಿನ ಅಂತರ ತೀರ್ಮಾನ ಮಾಡಬಾರದು.

— ಮುನ್ನುಡಿಗಾದರೂ ಎರಡೂ ಅಂಚು ಸಮ ಇಡ್ಲೇನ್ರಿ? ಪುಸ್ತಕ ಅಂದರ ಹಂಗೇ ಇರಬೇಕು ಅನಸ್ತದ.

— ನಾಕು ಇಂಚಿನ ಸಾಲು ಅದು. ‘ಹಾಡುತ್ತಿದ್ದವರಲ್ಲೊಬ್ಬರಾದ’ ಅಂತ ಒಂದು ಶಬ್ದ ಬರದೀ ನೋಡು. ಕನ್ನಡದಾಗ ಶಬ್ದಕ್ಕ ಪ್ರತ್ಯಯ ಹತ್ತಿಗೋತ ಹೋಗ್ತದ. ಇಂಥದ್ದು ಸಾಲಿನ ತುದಿಗೆ ಹಿಡೀಲಿಲ್ಲಂದರ ಪೂರ್ತಿ ಕೆಳಗ ಇಳೀತದ, ಮ್ಯಾಲ ಉಳದ ಮೂರು ನಾಕು ಶಬ್ದ ಜಗ್ಗಾಡಿ ಸಾಲು ತುಂಬಬೇಕು. ಮೊಳಿ ಕಾಲದಾಗ ಹಿಂಗಾದಾಗ ಅಕ್ಷರದ ಸಂದಿಗೆ ಶಬ್ದ ಒಡದು ಅಡ್ಡಗೆರಿ ಹಾಕ್ತಿದ್ದರು. ಹಳೀ ಪುಸ್ತಕ ತಗದು ನೋಡು, ಪ್ರತಿ ಪುಟದಾಗೂ ಸಿಗ್ತದ. ಲಿಬ್ರೆಆಫೀಸಿಗೆ ಕನ್ನಡ ಶಬ್ದ ಒಡಿಯೂ ನಿಯಮದ ಕಡತ ಅದ, ಅದು ತಾನೇ ಮಾಡ್ತದ. ವರ್ಡಿನಾಗ ಕೈಯಿಂದ ಮಾಡಬೇಕು: ಒಡಿಯೂ ಜಾಗದಾಗ ಕಂಟ್ರೋಲ್ ಹಿಡದು ಅಡ್ಡಗೆರಿ ಒತ್ತು. ಶಬ್ದ ಸಾಲಿನ ತುದಿಗೆ ಬಂದರ ಮಾತ್ರ ಗೆರಿ ಕಾಣ್ತದ, ಇಲ್ಲಂದರ ಕಾಣೂದಿಲ್ಲ. ಸುಮ್ಮನ ಅಡ್ಡಗೆರಿ ಹೊಡದರ ಸಾಲು ಸರದಾಗ ಅದು ಶಬ್ದದ ನಡುವೇ ಉಳಕೋತದ. ಇಷ್ಟೆಲ್ಲಾ ಮಾಡಾಕ ಪುರಸತ್ತಿಲ್ಲಂದರ ಮುನ್ನುಡಿನೂ ಎಡಕ್ಕ ಇಡು, ಬಲದ ಅಂಚು ಏರುಪೇರಾಗಲಿ. ಶಬ್ದದ ನಡುವಿನ ಸಂದು ಒಂದೇ ಸಮ ಇದ್ದರ ಓದಾಕ ಸುಖ. ಸಮ ಅಂಚು ಚಂದ ಅನ್ನೂದು ಅಗಲ ಸಾಲಿಗೆ ಖರೆ. ಸಣ್ಣ ಪುಟದ ಕನ್ನಡಕ್ಕ ನನ್ನ ಮತ ಎಡಕ್ಕೇ.

— ಪುಟಸಂಖ್ಯಾ ಒಂದು ಉಳೀತು. ಅರ್ಪಣೆ, ಪರಿವಿಡಿಗೆ ಸಂಖ್ಯಾ ಬ್ಯಾರೆ ಇರಬೇಕು, ಹಾಡು ಒಂದರಿಂದ ಸುರು ಆಗಬೇಕು.

— ಪರಿವಿಡಿ, ಮುನ್ನುಡಿ ಮುಗದ ಕಡೆ ಸೆಕ್ಷನ್ ಬ್ರೇಕ್ ಹಾಕು, ಆಡ್ ಪೇಜ್, ಅಂದರ ಬೆಸ ಪುಟ, ಅನ್ನೂದನ್ನ ಆರಿಸು. ಹಾಡು ಬಲಗಡೆ ಪುಟದಿಂದ ಸುರು ಆಗ್ತದ. ಆಮ್ಯಾಲ ತಳದ ಪುಟಸಂಖ್ಯಾದಾಗ ಹೋಗಿ ಲಿಂಕ್ ಟು ಪ್ರೀವಿಯಸ್ ತಗದು ಹಾಕು, ಒಂದರಿಂದ ಎಣಸು ಅನ್ನು. ಲಿಂಕ್ ತಗಿಯೂದು ಮರತರ ಎರಡೂ ಕಡೆ ಒಂದೇ ಆಗ್ತದ. ಒಟ್ಟು ಪುಟ ನೋಡುವಾಗ ಪ್ರೆಸ್ಸಿನ ಲೆಕ್ಕನೂ ನೆನಪಿರಲಿ: ಡೆಮಿ ಹಾಳಿ ಮಡಚಿದರ ಒಂದು ಫಾರಂಕ್ಕ 16 ಪುಟ. ಆರು ಫಾರಂ ಅಂದರ 96. ನಿನ್ನ ಪುಸ್ತಕ 98ಕ್ಕ ಹೋದರ ಎರಡು ಪುಟದ ಸಲುವಾಗಿ ರೊಕ್ಕ ಜಾಸ್ತಿ ಬೀಳ್ತದ. ಆಗ ಸಾಲಿನ ಅಂತರ ಒತ್ತಬ್ಯಾಡ. ಮುನ್ನುಡಿ ಸ್ವಲ್ಪ ಸಣ್ಣದು ಮಾಡು.

— ಪ್ರೆಸ್ಸಿನವರು ನುಡಿಯೊಳಗ ಕೊಡ್ರಿ ಅಂತಾರ. ನಮ್ಮ ಫೈಲ್ ಯುನಿಕೋಡ್ ಅದ.

— ಹಳೀ ನುಡಿ ಫಾಂಟಿನಾಗ ಒಳಗ ಇರೂದು ಇಂಗ್ಲಿಷ್ ಗುರುತು, ಮ್ಯಾಲ ಕಾಣೂದು ಕನ್ನಡ ತುಂಡು. ಪೇಜ್‌ಮೇಕರ್ ಕಾಲದಾಗ ಅದೇ ದಾರಿ ಇತ್ತು, ಆ ದಾರಿಯಾಗ ಸಾವಿರಾರು ಕನ್ನಡ ಪುಸ್ತಕ ಬಂದಾವ, ಅದಕ್ಕ ಗೌರವ ಇರಲಿ. ಆದರ ಅಂಥ ಫೈಲ್ ಆ ಫಾಂಟ್ ಇಲ್ಲದ ಕಡೆ ಓದಾಕ ಬರೂದಿಲ್ಲ, ಅದರಾಗ ಹುಡುಕಾಕೂ ಬರೂದಿಲ್ಲ. ಯುನಿಕೋಡಿನಿಂದ ಅದಕ್ಕ ಬದಲಿಸುವಾಗ ಅರ್ಕಾವತ್ತು, ಒತ್ತು ಅಲ್ಲಲ್ಲಿ ಸ್ಥಾನ ತಪ್ತಾವ. ಬದಲಿಸಿದ ಮ್ಯಾಲ ಇಡೀ ಪುಸ್ತಕ ಮತ್ತ ಓದಬೇಕು. ಹಾಡಿನಾಗ ಆಡುಮಾತು ಅದ, ಪ್ರೆಸ್ಸಿನವರಿಗೆ ತಪ್ಪು ಯಾವುದು ಒಪ್ಪು ಯಾವುದು ತಿಳಿಯೂದಿಲ್ಲ. ಅದಕ್ಕ ನೀನೇ ಪುಟ ಕಟ್ಟಿ, ಫಾಂಟ್ ಒಳಗೇ ಕೂಡಿಸಿದ ಪಿಡಿಎಫ್ ಮಾಡಿ ಕೊಡು. ಅದರಾಗ ಸಾಲು ಕದಲೂದಿಲ್ಲ. ಅವರು ಇನ್‌ಡಿಸೈನ್‌ದಾಗ ಹಾಕ್ತೀವಿ ಅಂದರ, ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡ್ರಿ ಅಂತ ಹೇಳು, ಆಗ ಯುನಿಕೋಡ್ ಕನ್ನಡದ ಒತ್ತು ಸರಿ ಕೂಡ್ತಾವ.

— ಇಷ್ಟೆಲ್ಲಾ ಹಾಡಿದವರಿಗೆ ಬೇಕಿಲ್ಲ ನೋಡ್ರಿ ಸರ. ಅವರಾಗ ಬಹಳ ಮಂದಿ ಓದಿದವರೇ ಅಲ್ಲ.

— ಅವರು ಓದೂದಿಲ್ಲ ಅಂತೇ ನಾವು ಹುಷಾರಿರಬೇಕು ತಂಗಿ. ಸಾಲು ತಪ್ಪಿ ಮುರದರ, ಅದು ಹಂಗಲ್ಲ ಅಂತ ಹೇಳಾಕ ಅವರು ಪ್ರೆಸ್ಸಿಗೆ ಬರೂದಿಲ್ಲ. ಅಚ್ಚಾದದ್ದೇ ಹಾಡು ಅಂತ ಮುಂದಿನವರು ತಿಳೀತಾರ. ಬೀಸೂ ಕಲ್ಲು ಈಗ ಎಷ್ಟು ಮನಿಯೊಳಗ ತಿರುಗ್ತಾವ ಹೇಳು, ಹಾಡು ಮತ್ತ ಕೇಳಿ ತಿದ್ದಿಕೊಳ್ಳೋಣ ಅಂದರ ಹಾಡೂವರೇ ಇರೂದಿಲ್ಲ. ಪುಟ ಕಟ್ಟಿ ಮುಗದ ಮ್ಯಾಲ ಒಂದು ಪ್ರಿಂಟ್ ತಗೊಂಡು ಆ ಊರಿಗೆ ಹೋಗು. ಹಾಡಿದವರ ಮುಂದ ಕೂತು, ಮುರದ ಕಡೆ ನಿಂತು ನಿಂತು ಓದು. ಅವರು ತಲಿ ಅಲ್ಲಾಡಿಸಿದರ ಆ ಸಾಲಿಗೆ ಗುರುತು ಹಾಕಿಕೊಂಡು ಬಾ.

— ಹೋಗ್ತೀನ್ರಿ. ಮೊದಲು ದೇವಣಗಾಂವಕ್ಕೇ ಹೋಗಿ ಬರ್ತೀನಿ. ಟೈಪ್ ಮಾಡಿದವರಿಗೂ ಒಂದು ಮಾತು ಹೇಳಬೇಕು.

— ಅವರಿಗಷ್ಟೇ ಅಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಾಡು, ಕಥಿ, ಒಗಟು ಕೂಡಿಸೂ ಮಾಸ್ತರು, ಅಕ್ಕೋರು ಬಹಳ ಮಂದಿ ಇದ್ದಾರ. ಎಲ್ಲಾರಿಗೂ ನನ್ನ ಕೇಳಿಕೆ ಒಂದೇ: ಯುನಿಕೋಡಿನಾಗ ಬರೀರಿ, ಮೊದಲನೇ ಹಾಡು ಟೈಪ್ ಮಾಡೂಕಿಂತ ಮುಂಚೇ ಪುಟದ ಅಳತಿ ಹಾಕಿ ಸ್ಟೈಲ್ ಕಟ್ಟಿಕೊಳ್ಳ್ರಿ, ಸ್ಪೇಸ್ ಒತ್ತಿ ಜಾಗಾ ಮಾಡಬ್ಯಾಡ್ರಿ, ಮೂರು ಸಾಲಿನ ಹಾಡನ್ನ ಎರಡು ಪುಟಕ್ಕ ಹರೀಬ್ಯಾಡ್ರಿ.